ದಿನಕ್ಕೊಂದು ಸೆಂಟು, 24 ದಿನ

ಕಳೆದ ನವೆಂಬರಿನಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ನಮ್ಮ ಮನೆ ಹತ್ತಿರದ ಅಂಗಡಿಯಲ್ಲಿ ಸುಗಂಧದ ಸೆಂಟಿನ ಅಡ್ವೆಂಟ್ ಕ್ಯಾಲೆಂಡರ್ ಒಂದನ್ನು ಕೊಂಡೆ. ಡಿಸೆಂಬರ್ 1ರಿಂದ 24ರವರೆಗೆ ದಿನಕ್ಕೊಂದು ಪುಟ್ಟ ಬಾಗಿಲು ತೆರೆಯುವ ಡಬ್ಬ ಅದು. ಬೆಲೆ 30 ಯೂರೋ. ಒಳಗೆ 24 ಪುಟ್ಟ ಸೀಸೆ, ಒಂದೊಂದರಲ್ಲಿ ಎರಡು ಮಿಲಿ. ದೊಡ್ಡ ಹೆಸರಿನ ಕ್ಯಾಲೆಂಡರ್‌ಗಳಿಗೆ ಇದರ ಎಷ್ಟೋ ಪಟ್ಟು ಬೆಲೆ, ಅವುಗಳ ಕಡೆ ನಾನು ಹೋಗಲಿಲ್ಲ. ಲೆಕ್ಕ ಹಾಕಿದರೆ ಸೀಸೆಗೆ ಒಂದೂಕಾಲು ಯೂರೋ. ಇಲ್ಲಿ ಬೇಕರಿಯಲ್ಲಿ ಕುಡಿಯುವ ಕಾಫಿಗಿಂತ ಕಮ್ಮಿ.

ಅಡ್ವೆಂಟ್ ಅಂದರೆ ಕ್ರಿಸ್‌ಮಸ್ಸಿಗಾಗಿ ಕಾಯುವ ಕಾಲ. ಅದರಲ್ಲಿ ನಾಲ್ಕು ಭಾನುವಾರ ಬರುತ್ತವೆ. ಹಿಂದೆ ಜರ್ಮನಿಯ ಮನೆಗಳಲ್ಲಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 24 ಗೆರೆ ಎಳೆದು, ಮಕ್ಕಳ ಕೈಲಿ ದಿನಕ್ಕೊಂದು ಅಳಿಸುತ್ತಿದ್ದರಂತೆ. 20ನೇ ಶತಮಾನದ ಶುರುವಿನಲ್ಲಿ ಮ್ಯೂನಿಕ್‌ನ ಗೆರ್ಹಾರ್ಡ್ ಲಾಂಗ್ ಎಂಬುವರು ಇಂಥ ಕ್ಯಾಲೆಂಡರನ್ನು ಅಚ್ಚು ಹಾಕಿಸಿದರು. ಆಮೇಲೆ ಪುಟ್ಟ ಬಾಗಿಲುಗಳು ಬಂದವು, ಬಾಗಿಲ ಹಿಂದೆ ಚಾಕೊಲೇಟ್ ಬಂತು. ಈಗ ಚಹಾ, ಜಾಮ್, ಕಾಲುಚೀಲ, ಸೆಂಟು, ಎಲ್ಲವೂ ಬರುತ್ತವೆ. ಆಫೀಸಿನ ಗೆಳತಿ ಒಂದೇ ನಿಯಮ ಹೇಳಿದಳು: ‘ಅವತ್ತಿನದು ಅವತ್ತೇ. ಮುಂಚೆ ತೆಗೆಯೋ ಹಾಗಿಲ್ಲ.’ ಈ ಒಂದು ಮಾತಿನಿಂದಲೇ ನನಗೆ ಸೆಂಟು ನೋಡುವ ಬಗೆ ತಿಳಿಯಿತು.

ಅಲ್ಲಿಯವರೆಗೆ ಅಂಗಡಿಯಲ್ಲಿ ಕಾಗದದ ಪಟ್ಟಿಗೆ ಚಿಮುಕಿಸಿ, ಮೂಸಿ, ಹತ್ತು ನಿಮಿಷದಲ್ಲಿ ಆರು ಸೆಂಟು ನೋಡಿ ಬರುತ್ತಿದ್ದೆ. ಹಾಗೆ ಕೊಂಡ ಎರಡು ದೊಡ್ಡ ಬಾಟಲಿ ಇನ್ನೂ ಮುಕ್ಕಾಲು ತುಂಬಿಯೇ ಇವೆ. ಮೂಗಿಗೆ ಮೊದಲು ಬಡಿಯುವುದು ಬೇಗ ಹಾರಿಹೋಗುವ ಭಾಗ. ನಿಂಬೆ, ಕಿತ್ತಳೆ ಥರದವು. ಅರ್ಧ ಗಂಟೆ ಕಳೆದರೆ ಹೂವಿನ ಭಾಗ ಏಳುತ್ತದೆ. ಮರ, ಕಸ್ತೂರಿ, ವೆನಿಲಾ ಇವೆಲ್ಲ ಕೊನೆಗೆ ಉಳಿಯುತ್ತವೆ. ನಾವು ಮೊದಲ ಹತ್ತು ನಿಮಿಷಕ್ಕೆ ದುಡ್ಡು ಕೊಟ್ಟು, ಮಿಕ್ಕ ಏಳೆಂಟು ಗಂಟೆ ಬೇರೆಯದೇ ವಾಸನೆಯ ಜೊತೆ ಇರುತ್ತೇವೆ, ಅಲ್ವಾ?

ಅದಕ್ಕೇ ಈ ಸಲ ದಿನಕ್ಕೆ ಒಂದೇ. ಬೆಳಿಗ್ಗೆ ವಾಸನೆಯಿಲ್ಲದ ಸೋಪಿನಲ್ಲಿ ಸ್ನಾನ. ಆಮೇಲೆ ವಾಸನೆಯಿಲ್ಲದ ಕ್ರೀಮ್. ಚಳಿಗಾಲದಲ್ಲಿ ಇಲ್ಲಿ ಚರ್ಮ ಒಣಗಿ ಬಿಳಿಚಿಕೊಳ್ಳುತ್ತದೆ, ಒಣ ಚರ್ಮದ ಮೇಲೆ ಸೆಂಟು ನಿಲ್ಲುವುದಿಲ್ಲ. ಎಡಗೈ ಮಣಿಕಟ್ಟಿಗೆ ಎರಡು ಸಲ ಸ್ಪ್ರೇ, ಉಜ್ಜುವುದು ಬೇಡ. ಐದು ನಿಮಿಷ ಆದಮೇಲೆ, ಒಂದು ಗಂಟೆ ಆದಮೇಲೆ, ಮಧ್ಯಾಹ್ನ ಊಟಕ್ಕೆ ಮುಂಚೆ ಮತ್ತು ರಾತ್ರಿ ಮೂಸಿ ಬರೆಯುವುದು. ಮೂಗು ಸೋತಾಗ ಕಾಫಿ ಬೀಜ ಮೂಸಬೇಕು ಅನ್ನುತ್ತಾರೆ. ನನಗೆ ಅದರಿಂದ ಏನೂ ಪ್ರಯೋಜನ ಆಗಲಿಲ್ಲ. ಸೆಂಟು ಹಾಕದ ಬಲಗೈ ಮೊಣಕೈ ಮೂಸಿದರೆ ಸಾಕಾಗುತ್ತಿತ್ತು.

ಬರೆಯಲು ಕೂತಾಗ ನಿಜವಾದ ಕಷ್ಟ ಶುರುವಾಯಿತು. ಮೊದಲ ಮೂರು ದಿನ ಸೀಸೆಯ ಚೀಟಿಯಲ್ಲಿದ್ದ ಮಾತನ್ನೇ ನಕಲು ಮಾಡಿದೆ: ಫ್ರೆಶ್, ಫ್ಲೋರಲ್, ವುಡಿ. ಮಾರನೇ ದಿನ ಓದಿದರೆ ಆ ವಾಸನೆ ನೆನಪಿಗೆ ಬರಲೇ ಇಲ್ಲ. ನಾಲ್ಕನೇ ದಿನ ಮನೆ ಮಾತಿನಲ್ಲಿ ಬರೆಯೋಣ ಅನ್ನಿಸಿತು. ನಮ್ಮಲ್ಲಿ ವಾಸನೆಗೆ ಎಷ್ಟು ಪದ ಇವೆ ಅಂತ ಆಗ ಗೊತ್ತಾಯಿತು. ಘಮ ಬೇರೆ, ಕಂಪು ಬೇರೆ. ಒಗ್ಗರಣೆಯ ಮೆಣಸಿನಕಾಯಿಯದು ಘಾಟು. ಬೇಯದ ಸಾರಿನಪುಡಿಯದು ಹಸಿ ವಾಸನೆ. ಹಳೇ ಎಣ್ಣೆಯದು ಕಮಟು. ಮಳೆಗಾಲದಲ್ಲಿ ಒಣಗದ ಬಟ್ಟೆಯದು ಮುಗ್ಗಲು. ಬಾಣಲೆ ತಳ ಹಿಡಿದರೆ ಸೀದ ವಾಸನೆ. ‘ನಾಲ್ಕು: ಮೊದಲು ಮೂಸಂಬಿ ಸಿಪ್ಪೆ, ಮಧ್ಯಾಹ್ನಕ್ಕೆ ತೊಳೆದು ಇಸ್ತ್ರಿ ಮಾಡಿದ ಹತ್ತಿ ಸೀರೆ.’ ಹೀಗೆ ಬರೆದದ್ದನ್ನು ಈಗ ಓದಿದರೂ ಆ ಸೀಸೆ ಮೂಗಿನ ಮುಂದೆ ಬರುತ್ತದೆ. ಈ ಕ್ಯಾಲೆಂಡರಿನಿಂದ ನನಗೆ ದಕ್ಕಿದ್ದರಲ್ಲಿ ಅತಿ ದೊಡ್ಡದು ಇದೇ.

ಕೆಲವು ದಿನಗಳ ಬಗ್ಗೆ ಹೇಳಲೇಬೇಕು.

ಏಳನೆಯದು ಕೋಲೋನ್ ಥರದ್ದು. ನಿಂಬೆ, ಕಿತ್ತಳೆ ಹೂವು. ಟ್ರಾಮ್ ಇಳಿಯುವಷ್ಟರಲ್ಲಿ ಮಾಯ. ಮೊದಲು ಮೋಸ ಅನ್ನಿಸಿತು, ಆದರೆ ಅದರ ಸ್ವಭಾವವೇ ಹಾಗೆ. ಇಲ್ಲಿಯ ಕೋಲೋನ್ ಊರಿನಲ್ಲಿ 1709ರಲ್ಲಿ ಶುರುವಾದ ಫರೀನಾ ಮನೆತನದ ವ್ಯಾಪಾರದಿಂದ ಹೆಸರಾದ ನೀರು ಅದು. ಅದರಲ್ಲಿ ಸುಗಂಧದ ಎಣ್ಣೆ ತೀರ ಕಮ್ಮಿ. ಸೆಂಟಿನ ಬೇರೆ ಬಗೆಗಳಾದ ಓ ದ ಟ್ವಾಲೆಟ್‌ನಲ್ಲಿ ಸಾಮಾನ್ಯವಾಗಿ ನೂರಕ್ಕೆ 5ರಿಂದ 15 ಭಾಗ, ಓ ದ ಪರ್ಫ್ಯೂಮ್‌ನಲ್ಲಿ 15ರಿಂದ 20 ಭಾಗ ಇರುತ್ತದೆ. ಕ್ಯಾಲೆಂಡರ್ ಕೊಳ್ಳುವಾಗ ಡಬ್ಬದ ಹಿಂಭಾಗದಲ್ಲಿ ಯಾವುದು ಎಷ್ಟು ಇದೆ ಅಂತ ಓದಿ. ನಾನು ಓದಿರಲಿಲ್ಲ. 11ನೆಯದೂ 20ನೆಯದೂ ಒಂದೇ ಪರಿಮಳ, ಒಂದು ಓ ದ ಪರ್ಫ್ಯೂಮ್, ಇನ್ನೊಂದು ಬಾಡಿ ಸ್ಪ್ರೇ. ಎರಡೂ ದಿನ ‘ಬೆಣ್ಣೆ ಬಿಸ್ಕತ್ತು’ ಅಂತ ಬರೆದಿದ್ದನ್ನು ನೋಡಿದಾಗಲೇ ತಿಳಿದದ್ದು. 15ನೇ ಸೀಸೆಯ ಮುಚ್ಚಳ ಸಡಿಲವಾಗಿ ಅರ್ಧ ಖಾಲಿಯಾಗಿತ್ತು. ಮಾರಿದವರಿಗೆ ಬರೆದೆ, ಬದಲಿ ಸಿಗಲಿಲ್ಲ. ಬೇಜಾರಾಯಿತು. ಕಮ್ಮಿ ದುಡ್ಡಿನದಾದರೂ ದುಡ್ಡು ದುಡ್ಡೇ.

13ನೆಯದು ಬರೀ ಕಸ್ತೂರಿ ಥರದ್ದು, ಲ್ಯಾಬಿನಲ್ಲಿ ಮಾಡಿದ್ದು. ನನಗೆ ಬಿಸಿಲಿಗೆ ಹಾಕಿ ತೆಗೆದ ಹೊದಿಕೆಯ ಹಾಗಿತ್ತು. ನನ್ನ ಗಂಡ ಕೈ ಹಿಡಿದು ಎರಡು ಸಲ ಮೂಸಿ, ‘ಏನೂ ಇಲ್ವಲ್ಲ, ನೀರು ಹಾಕ್ಕೊಂಡಿದೀಯಾ?’ ಅಂದರು. ಕೆಲವು ಕಸ್ತೂರಿ ಅಣುಗಳು ಕೆಲವರ ಮೂಗಿಗೆ ಹತ್ತುವುದೇ ಇಲ್ಲ, ಅದು ಹುಟ್ಟಿನಿಂದ ಬಂದದ್ದು. ಆದ್ದರಿಂದ ಸೆಂಟು ಉಡುಗೊರೆ ಕೊಡುವವರು ಹಾಕಿಕೊಳ್ಳುವವರ ಮೂಗಿಗೇ ತೋರಿಸಿ ಕೊಡಿ.

ಎಂಟನೆಯದು ಸ್ವಲ್ಪ ಹೊತ್ತಿಗೇ ತುರಿಸಿತು. ಕೂಡಲೇ ತೊಳೆದೆ. ಯುರೋಪಿನಲ್ಲಿ ಲಿಮೊನೀನ್, ಲಿನಲೂಲ್, ಕೂಮರಿನ್ ಮುಂತಾದ ಅಲರ್ಜಿ ತರಬಹುದಾದ ವಸ್ತುಗಳ ಹೆಸರನ್ನು ಡಬ್ಬದ ಮೇಲೆ ಅಚ್ಚು ಹಾಕಲೇಬೇಕು. ಆ ಪಟ್ಟಿಯ ಫೋಟೋ ತೆಗೆದು ಇಟ್ಟುಕೊಂಡೆ. ಅಂದಿನಿಂದ ಹೊಸ ಸೀಸೆಯನ್ನು ಮೊದಲು ಮೊಣಕೈ ಒಳಮಡಿಕೆಗೆ ಒಂದು ಹನಿ ಹಾಕಿ ನೋಡುತ್ತಿದ್ದೆ.

17ನೇ ಚೀಟಿಯಲ್ಲಿ ‘ಸ್ಯಾಂಡಲ್‌ವುಡ್’ ಅಂತಿತ್ತು. ಮೈಸೂರಿನಲ್ಲಿ ಹುಟ್ಟಿದ ಮೂಗಿಗೆ ಅದು ಸುಲಭಕ್ಕೆ ಒಪ್ಪಿಗೆಯಾಗಲಿಲ್ಲ. ಮರ ಇದೆ, ಹಾಲಿನ ನುಣುಪು ಇದೆ, ಆದರೆ ಸಾಣೆಕಲ್ಲಿನ ಮೇಲೆ ಗಂಧ ತೇಯುವಾಗ ಬರುವ ತಂಪು ಇಲ್ಲ. ಒಂದೂಕಾಲು ಯೂರೋಗೆ ನಿಜವಾದ ಗಂಧದೆಣ್ಣೆ ಕೊಡಲು ಆಗುವುದಿಲ್ಲ, ಇದು ಲ್ಯಾಬಿನ ಗಂಧ. ಆದರೂ ಸಂಜೆ ಇದನ್ನು ಹಾಕಿಕೊಂಡು ಕ್ರಿಸ್ಟ್‌ಕಿಂಡ್ಲೆಸ್‌ಮಾರ್ಕ್ಟ್ ಎಂಬ ಇಲ್ಲಿಯ ಕ್ರಿಸ್‌ಮಸ್ ಸಂತೆಯಲ್ಲಿ ನಡೆದೆ. ಸುತ್ತ ಲೆಬ್‌ಕುಖನ್ ಎಂಬ ಮಸಾಲೆ ಬಿಸ್ಕತ್ತು, ಹುರಿದ ಬಾದಾಮಿ, ಲವಂಗ ದಾಲ್ಚಿನ್ನಿ ಹಾಕಿ ಕಾಯಿಸಿದ ವೈನಿನ ಹಬೆ. ಒಂದು ವಿಷಯ ನೆನಪಾಯಿತು. ಒಂದನೇ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸಂಸ್ಥಾನದ ಗಂಧದ ಕೊರಡು ಎಣ್ಣೆ ತೆಗೆಯಲು ಯುರೋಪಿಗೆ, ಅದರಲ್ಲೂ ಜರ್ಮನಿಗೆ ಬರುತ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು. ಕೊರಡು ರಾಶಿ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ನಮ್ಮಲ್ಲೇ ಎಣ್ಣೆ ಕಾರ್ಖಾನೆ ಬಂತು, ಅದರ ಬೆನ್ನಿಗೆ ಗಂಧದ ಸೋಪೂ ಬಂತು. ನಮ್ಮ ಮರ ಬಂದಿಳಿಯುತ್ತಿದ್ದ ದೇಶದಲ್ಲಿ ನಾನು ಲ್ಯಾಬಿನ ಗಂಧ ಹಚ್ಚಿಕೊಂಡು ನಿಂತಿದ್ದೆ. ಊರಿನ ನೆನಪು ತುಂಬ ಬಂತು.

ಆರನೆಯದರ ಮಾತನ್ನು ಬೇಕಂತಲೇ ಕೊನೆಗೆ ಇಟ್ಟಿದ್ದೇನೆ. ಅದರ ಎದುರು ನಾನು ಎರಡೇ ಪದ ಬರೆದಿದ್ದೆ: ‘ಮುಗ್ಗಲು. ಬೇಡ.’

24 ಮುಗಿದಾಗ ಲೆಕ್ಕ ಹೀಗಿತ್ತು. ಐದು ಬಹಳ ಇಷ್ಟ, ಒಂಬತ್ತು ಪರವಾಗಿಲ್ಲ, ಮಿಕ್ಕಿದ್ದು ಬೇಡ. ಐದರಲ್ಲಿ ಒಂದರ 30 ಮಿಲಿ ಬಾಟಲಿ ಮಾತ್ರ ಕೊಂಡೆ, ಅದೇ ಬಿಸಿಲಿನ ಹೊದಿಕೆಯದು. ಸೀಸೆಗೆ ಸುಮಾರು 20 ಸ್ಪ್ರೇ ಬರುತ್ತದೆ, ಹಾಗಾಗಿ ಎಲ್ಲದರಲ್ಲೂ ಜಾಸ್ತಿಯೇ ಉಳಿದಿತ್ತು. ಜನವರಿಯಲ್ಲಿ ಊರಿಗೆ ಹೊರಟಾಗ ಎಲ್ಲವನ್ನೂ ಒಂದು ಲೀಟರಿನ ಜಿಪ್ ಚೀಲಕ್ಕೆ ಹಾಕಿ ಕೈಚೀಲದಲ್ಲೇ ಒಯ್ದೆ.

ಮೈಸೂರಿನಲ್ಲಿ ಅಮ್ಮ ಸೀಸೆಗಳನ್ನು ಅಡುಗೆಮನೆ ಕಟ್ಟೆ ಮೇಲೆ ಸಾಲಾಗಿ ಇಟ್ಟುಕೊಂಡು ಕೂತರು. ನನ್ನ ಪಟ್ಟಿ ಅವರಿಗೆ ಬೇಕಿರಲಿಲ್ಲ. ಒಂದೊಂದೇ ತೆಗೆದು ಮೂಸಿ ಪಕ್ಕಕ್ಕಿಟ್ಟರು. ಆರನೆಯದನ್ನು ಕೈಗೆ ಹಾಕಿಕೊಂಡು ತರಕಾರಿ ಹೆಚ್ಚಲು ಶುರು ಮಾಡಿದರು. ಅರ್ಧ ಗಂಟೆ ಆದಮೇಲೆ, ‘ಇದ್ಯಾವುದೇ? ಹೂವಿನ ದಿಂಡಿನಲ್ಲಿ ಪಚ್ಚೆತೆನೆ ಸೇರಿಸಿ ಕಟ್ಟಿದ ಹಾಗಿದೆ’ ಅಂದರು.

ಕೈ ಹಿಡಿದು ಮೂಸಿದೆ. ಹೌದು. ಚೀಟಿಯಲ್ಲಿ ಪಚೌಲಿ ಅಂತಿತ್ತು, ನಮ್ಮ ಪಚ್ಚೆತೆನೆ ಅದರ ಹತ್ತಿರದ ನೆಂಟ. ಮೈನಸ್ ನಾಲ್ಕು ಡಿಗ್ರಿಯ ಬೆಳಿಗ್ಗೆ, ಹೀಟರಿನ ಒಣ ಗಾಳಿಯಲ್ಲಿ, ನನ್ನ ಒಣ ಕೈ ಮೇಲೆ ಅದರ ಮಣ್ಣಿನ ಭಾಗ ಮಾತ್ರ ಕಂಡಿತ್ತು. ಇಲ್ಲಿ ಬೆಚ್ಚಗಿನ ಚರ್ಮದ ಮೇಲೆ ಅದು ಪೂರ್ತಿ ಬಿಚ್ಚಿಕೊಂಡಿತ್ತು. ನೋಟ್‌ಬುಕ್ ತೆಗೆದು ‘ಬೇಡ’ ಅನ್ನುವುದನ್ನು ಹೊಡೆದುಹಾಕಿದೆ. ಸೀಸೆ ಅಮ್ಮನಿಗೇ ಬಿಟ್ಟೆ. ಸಂಜೆ ದೇವಸ್ಥಾನಕ್ಕೆ ಹೊರಟಾಗ ಸೆರಗಿನ ತುದಿಗೆ ಒಂದೇ ಒಂದು ಸ್ಪ್ರೇ ಹಾಕಿಕೊಂಡು, ಮುಚ್ಚಳ ಬಿಗಿಯಾಗಿ ತಿರುಗಿಸಿ, ಕುಂಕುಮದ ಬಟ್ಟಲಿನ ಪಕ್ಕ ಇಟ್ಟರು.