ಕಣ್ಣುರೆಪ್ಪೆಯ ಶಸ್ತ್ರಚಿಕಿತ್ಸೆಯ ನಂತರ ಕಣ್ಣಿನ ಆರೈಕೆ

ರೆಪ್ಪೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಗಮನವೆಲ್ಲ ಹೊಲಿಗೆ ಮತ್ತು ಊತದ ಮೇಲೆಯೇ ಇರುವುದು ಸಹಜ. ಆದರೆ ಅಷ್ಟೇ ಎಚ್ಚರ ರೆಪ್ಪೆಯ ಹಿಂದಿರುವ ಕಣ್ಣಿಗೂ ಬೇಕು. ಊದಿ ಬಿಗಿದ ರೆಪ್ಪೆ ಕೆಲವು ದಿನ ಪೂರ್ತಿಯಾಗಿ ಮುಚ್ಚದೆ ಇರಬಹುದು, ಮಿಟುಕಿಸುವುದೂ ಅರೆಬರೆಯಾಗುತ್ತದೆ. ಇದರಿಂದ ಕಣ್ಣೀರು ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಮೇಲೆ ಸಮನಾಗಿ ಹರಡದೆ ಕಣ್ಣು ಒಣಗಿ, ಉರಿ ಮತ್ತು ಮರಳು ಬಿದ್ದಂತಹ ಕಿರಿಕಿರಿ ಉಂಟಾಗುತ್ತದೆ. ಕಣ್ಣಲ್ಲಿ ಒಂದೇ ಸಮನೆ ನೀರು ಬರುತ್ತಿದ್ದರೂ ಕಾರಣ ಎಷ್ಟೋ ವೇಳೆ ಇದೇ ಒಣಗುವಿಕೆ. ಆದ್ದರಿಂದ ನೀರು ಬರುತ್ತಿದೆಯೆಂದು ವೈದ್ಯರು ಬರೆದುಕೊಟ್ಟ ಡ್ರಾಪ್ಸ್ ನಿಲ್ಲಿಸಬಾರದು.

ದಿನಕ್ಕೆ ಹಲವು ಬಾರಿ ಹಾಕಿಕೊಳ್ಳಬೇಕಾಗಿದ್ದರೆ ಸಂರಕ್ಷಕ ರಾಸಾಯನಿಕಗಳಿಲ್ಲದ ಕೃತಕ ಕಣ್ಣೀರು (ಕಣ್ಣನ್ನು ತೇವವಾಗಿಡುವ ಡ್ರಾಪ್ಸ್) ಉತ್ತಮ. ಮುಲಾಮು ದೃಷ್ಟಿಯನ್ನು ಮಂಜಾಗಿಸುವುದರಿಂದ ಅದನ್ನು ಮಲಗುವ ಮುನ್ನ ಹಚ್ಚುವುದು ಅನುಕೂಲ. ಡ್ರಾಪ್ಸ್ ಹಾಕುವಾಗ ಹೊಲಿಗೆಯಿರುವ ರೆಪ್ಪೆಯನ್ನು ಎಳೆಯದೆ, ಕೈ ತೊಳೆದುಕೊಂಡು, ತಲೆಯನ್ನು ಹಿಂದಕ್ಕೆ ವಾಲಿಸಿ, ಬಾಟಲಿಯ ತುದಿ ಎಲ್ಲಿಯೂ ತಾಗದಂತೆ ನೋಡಿಕೊಳ್ಳಬೇಕು.

ಮೊದಲ 48 ಗಂಟೆ, ಎಚ್ಚರವಿರುವಾಗ ಆಗಾಗ 10ರಿಂದ 15 ನಿಮಿಷ ತಣ್ಣನೆಯ ಬಟ್ಟೆಯ ಪಟ್ಟಿಯನ್ನು ಒತ್ತದೆ ರೆಪ್ಪೆಯ ಮೇಲೆ ಇಡಬೇಕು. ಮಂಜುಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ತಾಗಿಸಬಾರದು. ರೆಪ್ಪೆಯ ಚರ್ಮ ಬಹಳ ತೆಳುವಾದದ್ದು, ಜೊತೆಗೆ ಚಿಕಿತ್ಸೆಯ ನಂತರ ಅಲ್ಲಿ ಸ್ಪರ್ಶಜ್ಞಾನವೂ ತುಸು ಮಂದವಾಗಿರುವುದರಿಂದ ಅತಿಯಾದ ತಂಪು ನಮಗೆ ತಿಳಿಯದೆಯೇ ಹಾನಿ ಮಾಡಬಲ್ಲದು. ತಲೆ ಎತ್ತರದಲ್ಲಿರುವಂತೆ ಅಂಗಾತ ಮಲಗುವುದು, ಬಗ್ಗದಿರುವುದು, ಭಾರ ಎತ್ತದಿರುವುದು ಊತವನ್ನೂ ರಕ್ತಸ್ರಾವವನ್ನೂ ತಗ್ಗಿಸುತ್ತವೆ. ಎರಡು ಮೂರನೆಯ ದಿನ ಊತ ಹೆಚ್ಚಿದಂತೆ ಕಂಡರೆ ಗಾಬರಿಪಡಬೇಕಾಗಿಲ್ಲ.

ಆದರೆ ತೀವ್ರ ನೋವು, ದೃಷ್ಟಿ ಕುಂದುವುದು ಅಥವಾ ಎರಡೆರಡಾಗಿ ಕಾಣುವುದು, ಕಣ್ಣು ಗಟ್ಟಿಯಾಗಿ ಮುಂದಕ್ಕೆ ಉಬ್ಬುವುದು ಕಂಡುಬಂದರೆ ಬೆಳಗಾಗಲಿ ಎಂದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕಣ್ಣಿನ ಹಿಂದೆ ರಕ್ತ ಶೇಖರವಾದರೆ ಅದರ ಒತ್ತಡದಿಂದ ದೃಷ್ಟಿಯೇ ಹೋಗಬಹುದು. ಇದು ಅಪರೂಪವಾದರೂ ಹೆಚ್ಚಾಗಿ ಮೊದಲ ದಿನದಲ್ಲೇ ಸಂಭವಿಸುವಂಥದ್ದು. ನೋವಿಗೆ ಆಸ್ಪಿರಿನ್ ಅಥವಾ ಐಬುಪ್ರೊಫೆನ್ ಅನ್ನು ತಾವಾಗಿಯೇ ನುಂಗಬಾರದು. ಹೃದ್ರೋಗಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅದನ್ನು ನಿಲ್ಲಿಸುವುದನ್ನೂ ಮತ್ತೆ ಆರಂಭಿಸುವುದನ್ನೂ ವೈದ್ಯರಿಗೇ ಬಿಡಬೇಕು.

ಸಾಮಾನ್ಯವಾಗಿ ಒಂದು ವಾರದೊಳಗೆ ಹೊಲಿಗೆ ಬಿಚ್ಚುತ್ತಾರೆ. ಅನಂತರವೂ ಕಣ್ಣು ಉಜ್ಜಬಾರದು. ಕಾಂಟ್ಯಾಕ್ಟ್ ಲೆನ್ಸ್ ಹಾಕುವಾಗ ರೆಪ್ಪೆಯನ್ನು ಎಳೆಯಬೇಕಾಗುವುದರಿಂದ ವೈದ್ಯರು ಒಪ್ಪುವವರೆಗೆ ಕನ್ನಡಕವನ್ನೇ ಬಳಸಬೇಕು, ಹೊರಗೆ ಹೋಗುವಾಗ ಗಾಳಿ ಬಿಸಿಲಿಗೆ ಕಪ್ಪು ಕನ್ನಡಕವಿರಲಿ. ಪರದೆ ನೋಡುವಾಗ ಮಿಟುಕಿಸುವುದು ಕಡಿಮೆಯಾಗುತ್ತದೆ, ಆಗಾಗ ಬಿಡುವು ಕೊಡಬೇಕು. ಬೆಳಗ್ಗೆ ಏಳುವಾಗಲೇ ಕಣ್ಣು ಉರಿಯುತ್ತಿದ್ದರೆ, ನಿದ್ರೆಯಲ್ಲಿ ರೆಪ್ಪೆ ಪೂರ್ತಿ ಮುಚ್ಚುತ್ತಿದೆಯೇ ಎಂದು ಮನೆಯವರಿಂದ ನೋಡಿಸಿ, ಮುಂದಿನ ತಪಾಸಣೆಯಲ್ಲಿ ಆ ವಿಷಯವನ್ನು ವೈದ್ಯರಿಗೆ ತಿಳಿಸಬೇಕು.