ಸಡಿಲಿಸಬೇಡಿ, ಬಿಗಿಹಿಡಿಯಿರಿ: ರಕ್ತದ ಹೆದರಿಕೆಗೆ ಚಿಕಿತ್ಸೆ ಕೊಟ್ಟ ನನ್ನ ಅನುಭವ

ಕೆಲವು ವರ್ಷಗಳ ಹಿಂದೆ ಮಳೆಗಾಲದ ಒಂದು ಸಂಜೆ, ಮಂಗಳೂರಿನ ಕಂಕನಾಡಿಯ ಹತ್ತಿರವಿರುವ ನನ್ನ ಕೊಠಡಿಗೆ ಹತ್ತೊಂಬತ್ತು ವರ್ಷದ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ತಾಯಿಯೊಂದಿಗೆ ಬಂದಳು. ಇದನ್ನು ಬರೆಯಲು ಅವಳ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮೊದಲ ಬಾರಿ ವಾರ್ಡಿಗೆ ಹೋದ ದಿನವೇ, ಗಾಯದ ಬ್ಯಾಂಡೇಜು ಬಿಚ್ಚುವುದನ್ನು ನೋಡುತ್ತಾ ನಿಂತಿದ್ದವಳು ಬೋಧ ತಪ್ಪಿ ಬಿದ್ದಿದ್ದಳು. ಎರಡನೆಯ ಸಲ ಬಿದ್ದಾಗ ಮಂಚದ ಕಂಬಿ ತಾಗಿ ಹುಬ್ಬಿನ ಮೇಲೆ ಎರಡು ಹೊಲಿಗೆ ಹಾಕಬೇಕಾಯಿತು. ಇಷ್ಟು ಪುಕ್ಕಲು ಸ್ವಭಾವದವರು ಈ ಕೋರ್ಸಿಗೆ ಯಾಕೆ ಬರಬೇಕು ಎಂದು ಅಲ್ಲಿನ ಹಿರಿಯರೊಬ್ಬರು ಎಲ್ಲರೆದುರು ಕೇಳಿದ್ದು ಅವಳಿಗೆ ಆ ಹೊಲಿಗೆಗಿಂತ ಹೆಚ್ಚು ನೋವು ಕೊಟ್ಟಿತ್ತು. "ನೂಲು ಕಟ್ಟಿಸಿ ಆಯಿತು, ಟಾನಿಕ್ ಕುಡಿಸಿ ಆಯಿತು. ವರ್ಷದ ಫೀಸು ಸಹ ಕಟ್ಟಿ ಆಗಿದೆ. ಇನ್ನು ಎಂತ ಮಾಡುವುದು ಮೇಡಂ?" ಎಂದು ತಾಯಿ ಕೇಳಿದರು.

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಇಂಥ ಹೆದರಿಕೆಗಳಿಗೆ ಹಂತಹಂತವಾಗಿ ಎದುರಾಗಿಸುವ ಚಿಕಿತ್ಸೆಯ ಮೇಲೆ ನನಗೆ ಆಗಲೇ ಗಟ್ಟಿ ನಂಬಿಕೆಯಿತ್ತು. 1924ರಲ್ಲಿ ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ ಅವರು ಮೊಲಕ್ಕೆ ಹೆದರುತ್ತಿದ್ದ ಪುಟ್ಟ ಹುಡುಗನೊಬ್ಬನಿಗೆ ಇಷ್ಟದ ತಿಂಡಿ ಕೊಡುತ್ತಾ, ಮೊಲವನ್ನು ದಿನದಿನವೂ ಸ್ವಲ್ಪಸ್ವಲ್ಪ ಹತ್ತಿರ ತಂದು, ಕೊನೆಗೆ ಅವನೇ ಅದನ್ನು ಮುಟ್ಟುವಂತೆ ಮಾಡಿದ್ದರು. ದಕ್ಷಿಣ ಆಫ್ರಿಕದ ಮನೋವೈದ್ಯ ಜೋಸೆಫ್ ವೋಲ್ಪೆ 1958ರ ತಮ್ಮ ಗ್ರಂಥದಲ್ಲಿ ಇದೇ ದಾರಿಗೆ ಒಂದು ಕ್ರಮವನ್ನು ಕೊಟ್ಟರು: ಮೊದಲು ಸ್ನಾಯುಗಳನ್ನು ಸಡಿಲಿಸಲು ಕಲಿಸುವುದು, ಅನಂತರ ಹೆದರಿಕೆಯ ಸಂಗತಿಗಳನ್ನು ಕಡಿಮೆಯಿಂದ ಹೆಚ್ಚಿಗೆ ಏಣಿಯಂತೆ ಜೋಡಿಸಿ, ಸಡಿಲಗೊಂಡ ಸ್ಥಿತಿಯಲ್ಲೇ ಒಂದೊಂದು ಮೆಟ್ಟಿಲು ಹತ್ತಿಸುವುದು. ನೇತ್ರಾವತಿ ಸೇತುವೆ ದಾಟಲಾರದೆ ವರ್ಗಾವಣೆ ಕೇಳಿದ್ದ ಉದ್ಯೋಗಿಯೊಬ್ಬರಿಗೆ ನಾನು ಹೀಗೆಯೇ ಚಿಕಿತ್ಸೆ ಕೊಟ್ಟಿದ್ದೆ. ಜೆಪ್ಪಿನಮೊಗರು ಕಡೆಯ ದಂಡೆಯಲ್ಲಿ ನಿಂತು ಸೇತುವೆ ನೋಡುವುದರಿಂದ ಹೊರಟು, ಬಸ್ಸಿನ ಕಿಟಕಿ ಪಕ್ಕ ಕಣ್ಣು ತೆರೆದು ಕುಳಿತು, ಎಂಟನೆಯ ವಾರಕ್ಕೆ ಅವರು ಸ್ವತಃ ಸ್ಕೂಟರಿನಲ್ಲಿ ತೊಕ್ಕೊಟ್ಟಿಗೆ ಹೋಗಿಬಂದಿದ್ದರು. ಆ ಗೆಲುವಿನ ಭರವಸೆಯಲ್ಲಿ ಈ ಹುಡುಗಿಗೂ ಮೊದಲ ಎರಡು ಭೇಟಿಗಳಲ್ಲಿ ಉಸಿರಾಟವನ್ನೂ ಮೈ ಸಡಿಲಿಸುವುದನ್ನೂ ಕಲಿಸಿದೆ.

ಅದು ನನ್ನ ತಪ್ಪು. ಮೂರನೆಯ ಭೇಟಿಯಲ್ಲಿ, ಕೈಕಾಲು ಸಡಿಲಬಿಟ್ಟು ಕುಳಿತವಳಿಗೆ ಸೂಜಿ ಚುಚ್ಚಿದ ಬೆರಳಿನ ಚಿತ್ರವೊಂದನ್ನು ತೋರಿಸಿದೆ. ಅವಳು ಎರಡು ಸಲ ಆಕಳಿಸಿದಳು. ಮೇಲ್ದುಟಿಯ ಮೇಲೆ ಬೆವರಿನ ಹನಿಗಳು ಮೂಡಿದವು, ಮುಖ ಬಿಳಿಚಿಕೊಂಡಿತು, ನಾನು ಕೈ ಚಾಚುವಷ್ಟರಲ್ಲಿ ಕುರ್ಚಿಯಿಂದ ಪಕ್ಕಕ್ಕೆ ವಾಲಿದಳು. ನೆಲದ ಮೇಲೆ ಮಲಗಿಸಿ ಕಾಲುಗಳನ್ನು ಕುರ್ಚಿಯ ಮೇಲೆತ್ತಿ ಇಟ್ಟ ಬಳಿಕ ಒಂದು ನಿಮಿಷದೊಳಗೆ ಕಣ್ಣು ಬಿಟ್ಟಳು. ಕಣ್ಣು ಬಿಟ್ಟವಳು ನನ್ನಲ್ಲಿ ಕ್ಷಮೆ ಕೇಳಿದಳು. ಆ ಮಾತು ಇಂದಿಗೂ ನನ್ನನ್ನು ಕಾಡುತ್ತದೆ, ಏಕೆಂದರೆ ಕ್ಷಮೆ ಕೇಳಬೇಕಾದವಳು ನಾನಾಗಿದ್ದೆ.

ನಾಯಿ, ಹಾವು, ಗುಡುಗು, ಎತ್ತರ ಮುಂತಾದ ಹೆದರಿಕೆಗಳಲ್ಲಿ ಎದೆಬಡಿತವೂ ರಕ್ತದೊತ್ತಡವೂ ಏರುತ್ತವೆ. ಬೀಳುತ್ತೇನೆ ಎಂದು ಅನ್ನಿಸಿದರೂ ಹೆಚ್ಚುಕಡಿಮೆ ಯಾರೂ ಬೀಳುವುದಿಲ್ಲ. ರಕ್ತ, ಗಾಯ, ಇಂಜೆಕ್ಷನ್‌ಗಳ ಹೆದರಿಕೆ ಮಾತ್ರ ಬೇರೆ ಜಾತಿಯದು. ಇಲ್ಲಿ ಮೊದಲು ಎರಡೂ ಏರಿ, ಅನಂತರ ಮೆದುಳಿನಿಂದ ಹೃದಯದ ಕಡೆಗೆ ಇಳಿದು ಎದೆಬಡಿತವನ್ನು ನಿಧಾನಗೊಳಿಸುವ ವೇಗಸ್ ನರದ ಪ್ರಭಾವದಿಂದ ಹಠಾತ್ತನೆ ಕುಸಿಯುತ್ತವೆ, ಮೆದುಳಿಗೆ ಸಾಕಷ್ಟು ರಕ್ತ ತಲುಪದೆ ಬೋಧ ತಪ್ಪುತ್ತದೆ. ಕುಟುಂಬದಲ್ಲಿ ಹಲವರಿಗೆ ಇದು ಇರುವುದು ಸಾಮಾನ್ಯ. ಇವಳ ತಂದೆಯೂ ಇಂಜೆಕ್ಷನ್ ಎಂದರೆ ಮಲಗಿಯೇ ಚುಚ್ಚಿಸಿಕೊಳ್ಳುವವರೆಂದು ಆಮೇಲೆ ಗೊತ್ತಾಯಿತು. ಇದು ಪುಕ್ಕಲುತನವಲ್ಲ, ಶರೀರದ ಒಂದು ಪ್ರತಿಕ್ರಿಯೆ. ಕುಸಿಯಲು ಸಿದ್ಧವಾಗಿರುವ ರಕ್ತದೊತ್ತಡದ ಹೊತ್ತಿನಲ್ಲಿ ಮೈಯನ್ನು ಇನ್ನಷ್ಟು ಸಡಿಲಿಸಿದರೆ ಆ ಕುಸಿತಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ.

ಸ್ವೀಡನ್ನಿನ ಮನೋವಿಜ್ಞಾನಿ ಲಾರ್ಸ್-ಯೋರಾನ್ ಓಸ್ಟ್ ಮತ್ತು ಅವರ ಸಹೋದ್ಯೋಗಿ 1987ರಲ್ಲಿ ವಿವರಿಸಿದ ಬಿಗಿಹಿಡಿಯುವ ಕ್ರಮ ಇದಕ್ಕೆ ತೀರಾ ವಿರುದ್ಧ ದಿಕ್ಕಿನದು. ಮುಂದಿನ ಭೇಟಿಗೆ ಮೊದಲು ವೈದ್ಯರೊಬ್ಬರಿಂದ ಅವಳ ಹೃದಯದ ಪರೀಕ್ಷೆಯನ್ನೂ ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿದೆ; ತಲೆತಿರುಗಿ ಬೀಳುವುದನ್ನೆಲ್ಲ ಹೆದರಿಕೆಯ ಲೆಕ್ಕಕ್ಕೆ ಹಾಕಬಾರದು. ಅನಂತರ ಬಿ.ಪಿ. ಯಂತ್ರವನ್ನು ಮೇಜಿನ ಮೇಲಿಟ್ಟುಕೊಂಡು ಕಲಿಸಲು ತೊಡಗಿದೆ. ಎರಡೂ ಮುಷ್ಟಿ, ತೋಳು, ಎದೆ, ತೊಡೆ ಎಲ್ಲವನ್ನೂ ಒಟ್ಟಿಗೆ ಬಿಗಿಹಿಡಿಯಬೇಕು. ಮುಖಕ್ಕೆ ಬಿಸಿ ಏರಿದಂತೆ ಆಗುವವರೆಗೆ, ಅಂದರೆ 10ರಿಂದ 20 ಸೆಕೆಂಡು. ಬಿಡುವಾಗ ಪೂರ್ತಿ ಸಡಿಲಿಸದೆ, ಮೊದಲು ಹೇಗಿದ್ದೆವೋ ಅಷ್ಟಕ್ಕೇ ಮರಳಬೇಕು. 20-30 ಸೆಕೆಂಡು ಬಿಟ್ಟು ಮತ್ತೆ ಬಿಗಿಹಿಡಿಯಬೇಕು, ಹೀಗೆ ಐದು ಸಲ. ಮುಖದ ಸ್ನಾಯುಗಳನ್ನೂ ಸೇರಿಸಿಕೊಂಡರೆ ತಲೆನೋವು ಬರುತ್ತದೆ. ಅವಳಿಗೆ ಮೊದಲ ದಿನ ಬಂತು. ಬಿಗಿಹಿಡಿಯುವ ಮೊದಲು ಮತ್ತು ಆಮೇಲಿನ ಅಂಕಿಗಳನ್ನು ಯಂತ್ರದಲ್ಲಿ ತೋರಿಸಿದಾಗ, ಮೇಲಿನ ಅಂಕಿ ಏರಿದ್ದನ್ನು ಅವಳು ಬಹಳ ಹೊತ್ತು ನೋಡುತ್ತಾ ಕುಳಿತಳು. ತನ್ನ ಮೈ ತನ್ನ ಮಾತು ಕೇಳುತ್ತದೆ ಎಂಬುದನ್ನು ಅವಳು ಕಂಡದ್ದು ಅಂದೇ. ಮನೆಗೆ ಕೊಟ್ಟ ಅಭ್ಯಾಸ ಇಷ್ಟೇ: ದಿನಕ್ಕೆ ಐದು ಹೊತ್ತು, ಹೊತ್ತಿಗೆ ಐದು ಸಲ. ಬೆಳಿಗ್ಗೆ ಬಸ್ಸಿನಲ್ಲಿ ಕುಳಿತೇ ಒಂದು ಸುತ್ತು ಮುಗಿಸುತ್ತಿದ್ದಳು.

ಏಣಿ ಜೋಡಿಸುವಾಗಲೂ ಒಂದು ಪಾಠ ಕಲಿತೆ. ಕರಾವಳಿಯ ಮನೆಯವಳಾದ್ದರಿಂದ ಮೀನಿನ ರಕ್ತವನ್ನು ಮೊದಲ ಮೆಟ್ಟಿಲಾಗಿ ಬರೆದಿದ್ದೆ. "ಅದು ಎಂತದೂ ಆಗುವುದಿಲ್ಲ ಮೇಡಂ, ಬಂಗುಡೆ ಕೊಯ್ಯುವುದು ನಾನೇ" ಎಂದಳು. ಮೆಟ್ಟುಕತ್ತಿಯ ಮುಂದೆ ಕುಳಿತು ಒಂದು ಬುಟ್ಟಿ ಮೀನನ್ನು ಸ್ವಚ್ಛ ಮಾಡಬಲ್ಲವಳಿಗೆ ಮನುಷ್ಯರ ಒಂದು ಹನಿ ನೆತ್ತರು ಆಗುತ್ತಿರಲಿಲ್ಲ. ಏಣಿಯನ್ನು ಚಿಕಿತ್ಸಕರು ಊಹಿಸಿ ಬರೆಯಬಾರದು, ಹೆದರುವವರೇ ಬರೆಯಬೇಕು. ಪ್ರತಿ ಮೆಟ್ಟಿಲಿಗೂ ಪರೀಕ್ಷೆಯ ಅಂಕಗಳಂತೆ ನೂರರಲ್ಲಿ ಎಷ್ಟು ಎಂದು ಕೇಳಿದೆ. ರಬ್ಬರ್ ಪಟ್ಟಿ ತೋಳಿಗೆ ಕಟ್ಟುವುದಕ್ಕೆ 35, ಇನ್ನೊಬ್ಬರ ಬೆರಳು ಚುಚ್ಚುವುದನ್ನು ನೋಡುವುದಕ್ಕೆ 60, ತನ್ನದೇ ರಕ್ತ ತೆಗೆಸಿಕೊಳ್ಳುವುದಕ್ಕೆ 80, ತೆರೆದ ಗಾಯದ ಡ್ರೆಸ್ಸಿಂಗಿಗೆ 100.

ಆ ಬೆರಳು ನನ್ನದೇ ಆಗಿತ್ತು. ಸಕ್ಕರೆ ಪರೀಕ್ಷೆಯ ಸೂಜಿಯಿಂದ ಚುಚ್ಚಿ ಮೂಡಿದ ಹನಿಯನ್ನು ಅವಳ ಮುಂದೆ ಹಿಡಿದೆ. ಅದಕ್ಕೆ ಮೊದಲು ಏನಾಗುತ್ತದೆ ಎಂಬ ನಿರೀಕ್ಷೆಯನ್ನು ಕಾಗದದಲ್ಲಿ ಬರೆಸಿದ್ದೆ: "ಹತ್ತು ಎಣಿಸುವುದರೊಳಗೆ ಬೀಳುತ್ತೇನೆ." ಬಿಗಿಹಿಡಿಯುತ್ತಾ ಇನ್ನೂರರವರೆಗೆ ಎಣಿಸಿದಳು. ಹೆದರಿಕೆಯ ಅಂಕ 50ಕ್ಕಿಂತ ಕೆಳಗಿಳಿಯಲೇ ಇಲ್ಲ, ಆದರೂ ಆ ದಿನವನ್ನು ನಾನು ಗೆಲುವೆಂದೇ ಎಣಿಸಿದೆ. ಹಿಂದೆ ನಾವು ಹೆದರಿಕೆ ಇಳಿಯುವವರೆಗೆ ಕಾಯುತ್ತಿದ್ದೆವು. ಹೆದರಿಕೆಯ ಚಿಕಿತ್ಸೆಯನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಮಿಷೆಲ್ ಕ್ರಾಸ್ಕೆ ಮತ್ತಿತರರ ಕೆಲಸದ ಬಳಿಕ, ಆ ಕ್ಷಣದಲ್ಲಿ ಹೆದರಿಕೆ ಎಷ್ಟು ಇಳಿಯಿತು ಎನ್ನುವುದಕ್ಕಿಂತ ನಿರೀಕ್ಷಿಸಿದ್ದು ಸುಳ್ಳಾಯಿತೇ ಎನ್ನುವುದನ್ನೇ ಹೆಚ್ಚು ಗಮನಿಸುತ್ತೇನೆ. ಅದಕ್ಕಾಗಿಯೇ ಅವಳು ಕರವಸ್ತ್ರದಲ್ಲಿ ಕಟ್ಟಿ ತರುತ್ತಿದ್ದ ಲಿಂಬೆಹಣ್ಣನ್ನು ಮೆಲ್ಲನೆ ಬಿಡಿಸಬೇಕಾಯಿತು. ಅದು ಕೈಯಲ್ಲಿರುವವರೆಗೆ, ಬೀಳದೆ ಉಳಿದದ್ದು ಲಿಂಬೆಯಿಂದ ಎಂದೇ ಮನಸ್ಸು ಲೆಕ್ಕ ಹಾಕುತ್ತದೆ. ಬಿಗಿಹಿಡಿಯುವುದನ್ನೂ ಹಾಗೆಯೇ ಊರುಗೋಲಾಗಲು ಬಿಡಬಾರದೆಂದು, ಕೊನೆಕೊನೆಗೆ ಮುನ್ಸೂಚನೆ ಕಂಡರೆ ಮಾತ್ರ ಬಳಸಲು ಹೇಳಿದೆ.

ಆರನೆಯ ವಾರ ಪ್ರಯೋಗಾಲಯದಲ್ಲಿ ಕುಳಿತೇ ತನ್ನ ರಕ್ತ ತೆಗೆಸಿಕೊಂಡಳು. ಎಂಟನೆಯ ವಾರ, ವಾರ್ಡಿನ ಸಿಸ್ಟರ್ ಒಬ್ಬರ ಸಹಕಾರದಿಂದ ಡ್ರೆಸ್ಸಿಂಗ್ ಟ್ರೇ ಹಿಡಿದು ನಿಂತಳು. ನಾನು ಬಾಗಿಲ ಹೊರಗಿದ್ದೆ.

ರಜೆ ಮುಗಿಸಿ ಬೇರೊಂದು ಕಡೆಯ ಶಸ್ತ್ರಚಿಕಿತ್ಸಾ ಕೊಠಡಿಗೆ ಹೋದ ಮೊದಲ ದಿನ ಹೆದರಿಕೆ ಮರಳಿತು. ಸ್ಥಳ ಬದಲಾದಾಗ, ಮಧ್ಯೆ ತುಂಬ ದಿನ ಕಳೆದಾಗ ಇದು ಮರಳಬಹುದೆಂದು ಮೊದಲೇ ಹೇಳಿದ್ದರಿಂದ ಅವಳು ಗಾಬರಿಯಾಗದೆ ಗೋಡೆಯ ಪಕ್ಕ ಸರಿದು ಐದು ಸಲ ಬಿಗಿಹಿಡಿದು ಮತ್ತೆ ಮುಂದೆ ಬಂದಿದ್ದಳು. ಈಗ ಯಾರಿಗೇ ಆದರೂ ಕೊನೆಯ ಭೇಟಿಗಳನ್ನು ಬೇರೆಬೇರೆ ಸ್ಥಳಗಳಲ್ಲಿ ಇಟ್ಟುಕೊಳ್ಳುತ್ತೇನೆ, ಆರು ತಿಂಗಳಾದ ಮೇಲೆ ಒಮ್ಮೆ ಬರಹೇಳುತ್ತೇನೆ. ಆ ಭೇಟಿಗೆ ಅವಳು ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಳು. ಆ ವಾರ ಎಷ್ಟು ಸಲ ಬಿಗಿಹಿಡಿಯಬೇಕಾಯಿತು ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಸೋಮವಾರ ಒಮ್ಮೆ" ಎಂದಳು.