ಎಕ್ಸೆಲ್ ಶೀಟಿಗೆ ಸ್ಪ್ಲಿಟ್ ಹಾಕೋದು ಹೇಗೆ, ಹಾಲಿನ ಲೆಕ್ಕ ಬರೆಯೋರಿಗೆ

ನಮ್ಮ ಮಂಡ್ಯ ಕಡೆ ಡೇರಿ ಲೆಕ್ಕ ಎಕ್ಸೆಲ್‌ನಲ್ಲಿ ಇಡೋರಿಗೆ ಈ ಪಾಡು ಗೊತ್ತಿರುತ್ತೆ, ಎಡಗಡೆ ಸದಸ್ಯರ ಹೆಸ್ರು, ಆಮೇಲೆ ಬೆಳಿಗ್ಗೆ ಒಂದು ಸಂಜೆ ಒಂದು ಅಂತ 31 ದಿನಕ್ಕೆ 62 ಕಾಲಮ್ಮು, ಬಟವಾಡೆ ದಿನ ಯಾರಾದ್ರೂ ಬಂದು 'ಅಲ್ಲ ಸ್ವಾಮಿ, 2ನೇ ತಾರೀಕು ಅಷ್ಟು ಹಾಲಿತ್ತು, 28ಕ್ಕೆ ಯಾಕಿಷ್ಟು ಕಮ್ಮಿ' ಅಂದ್ರೆ ಶೀಟನ್ನ ಆ ಕಡೆ ಈ ಕಡೆ ಎಳೆದಾಡ್ಬೇಕು. ಫ್ರೀಜ್ ಪೇನ್ಸ್ ಹಾಕಿದ್ರೆ ಹೆಸ್ರು ನಿಲ್ಲುತ್ತೆ ಸರಿ, ಆದ್ರೆ ದೂರದ ಎರಡು ತಾರೀಕು ಒಟ್ಟಿಗೆ ಕಾಣಲ್ಲ. ಅದಕ್ಕೆ ಸ್ಪ್ಲಿಟ್ಟೇ ಬೇಕು, ಅಂದ್ರೆ ಒಂದೇ ಶೀಟನ್ನ ಬೇರೆ ಬೇರೆಯಾಗಿ ಜರುಗಿಸೋ ಭಾಗಗಳಾಗಿ ಒಡೆಯೋದು.

ಇದ್ರಲ್ಲಿ ಮುಖ್ಯ ಏನಂದ್ರೆ ಯಾವ ಸೆಲ್ ಮೇಲೆ ಕ್ಲಿಕ್ ಮಾಡಿರ್ತೀರೋ ಅದರ ಮೇಲ್ಗಡೆ ಮತ್ತೆ ಎಡಗಡೆ ಗೆರೆ ಬೀಳುತ್ತೆ. ಎ ಕಾಲಮ್ಮಲ್ಲಿ ಕ್ರಮಸಂಖ್ಯೆ, ಬಿ ಅಲ್ಲಿ ಹೆಸ್ರು, ಸಿ ಇಂದ ತಾರೀಕು ಶುರು ಅಂದ್ಕೊಳ್ಳಿ. ಜಿ1 ಸೆಲ್ ಕ್ಲಿಕ್ ಮಾಡಿ, ವ್ಯೂ ಟ್ಯಾಬ್‌ಗೆ ಹೋಗಿ ಸ್ಪ್ಲಿಟ್ ಒತ್ತಿ, ಶೀಟು ಎಡ ಬಲ ಎರಡು ಭಾಗ ಆಗುತ್ತೆ. ಎಡಗಡೆ ಹೆಸ್ರು ಮತ್ತೆ ಮೊದಲ ಎರಡು ದಿನ ಇರುತ್ತೆ, ಬಲಗಡೆ ಭಾಗವನ್ನ ಬಿಇ ಕಾಲಮ್ ತನಕ ಜರುಗಿಸಿದ್ರೆ 28ನೇ ತಾರೀಕು ಪಕ್ಕಕ್ಕೇ ಬಂತು. ಕೆಳಗೆ ಇಳಿದ್ರೆ ಎರಡೂ ಭಾಗ ಒಟ್ಟಿಗೇ ಇಳಿಯುತ್ತೆ, ಹಾಗಾಗಿ ಒಬ್ಬರ ಸಾಲು ಇನ್ನೊಬ್ಬರದಕ್ಕೆ ತಪ್ಪಿಹೋಗಲ್ಲ, ದುಡ್ಡಿನ ವಿಷಯದಲ್ಲಿ ಇದು ಬಹಳ ದೊಡ್ಡದು ಕಣ್ರೀ.

ತಾರೀಕಿನ ಹೆಡಿಂಗ್ ಎರಡು ಸಾಲಲ್ಲಿದೆ, ಅದೂ ಕಾಣ್ತಾ ಇರ್ಬೇಕು ಅಂದ್ರೆ ಜಿ1 ಬದಲು ಜಿ3 ಕ್ಲಿಕ್ ಮಾಡಿ ಸ್ಪ್ಲಿಟ್ ಹಾಕಿ, ನಾಲ್ಕು ಭಾಗ ಆಗುತ್ತೆ. ಬರೀ ಕೆಳಗಿನ ಟೋಟಲ್ ನೋಡ್ಬೇಕಾ, ಎ ಕಾಲಮ್ಮಲ್ಲೇ ನಡುವಿನ ಒಂದು ಸೆಲ್ ಕ್ಲಿಕ್ ಮಾಡಿ ಸ್ಪ್ಲಿಟ್ ಹಾಕಿ, ಶೀಟು ಮೇಲೆ ಕೆಳಗೆ ಎರಡು ಭಾಗ ಆಗುತ್ತೆ. ಕೆಳಗಿನ ಭಾಗದಲ್ಲಿ ಟೋಟಲ್ ಸಾಲು ತಂದಿಟ್ಕೊಂಡು ಮೇಲೆ ಲೀಟರ್ ತಿದ್ದಿ, ತಿದ್ದಿದ ತಕ್ಷಣ ಟೋಟಲ್ ಬದಲಾಗೋದು ಕಣ್ಣಿಗೇ ಕಾಣುತ್ತೆ. ಶೀಟ್ ಒಂದೇ ಆಗಿರೋದ್ರಿಂದ ಯಾವ ಭಾಗದಲ್ಲಿ ತಿದ್ದಿದ್ರೂ ಎಲ್ಲಾ ಕಡೆ ಆಗುತ್ತೆ, ಕಾಪಿ ಏನೂ ಆಗಿರಲ್ಲ, ಹೆದರ್ಬೇಡಿ.

ಗೆರೆ ಸರಿಯಾದ ಜಾಗಕ್ಕೆ ಬೀಳ್ಲಿಲ್ವಾ, ಮೌಸಲ್ಲಿ ಹಿಡಿದು ಎಳೀರಿ. ಬೇಡ ಅಂದ್ರೆ ಗೆರೆ ಮೇಲೆ ಡಬಲ್ ಕ್ಲಿಕ್, ಇಲ್ಲಾಂದ್ರೆ ಸ್ಪ್ಲಿಟ್ ಬಟನ್ ಇನ್ನೊಂದ್ಸಲ ಒತ್ತಿ. ಕೀಬೋರ್ಡಲ್ಲೇ ಆಗ್ಬೇಕು ಅನ್ನೋರು ಆಲ್ಟ್ ಒತ್ತಿ ಬಿಟ್ಟು, ಡಬ್ಲ್ಯು, ಆಮೇಲೆ ಎಸ್. ಫ್ರೀಜೂ ಸ್ಪ್ಲಿಟ್ಟೂ ಒಂದೇ ಕಿಟಕಿಯಲ್ಲಿ ಒಟ್ಟಿಗೆ ಇರಲ್ಲ, ಮೊದಲು ಅನ್‌ಫ್ರೀಜ್ ಮಾಡ್ಕೊಳ್ಳಿ.

ಲಿಬ್ರೆ ಆಫೀಸ್ ಕ್ಯಾಲ್ಕ್ ಇಟ್ಕೊಂಡಿರೋರಿಗೂ ವ್ಯೂ ಮೆನುವಿನಲ್ಲೇ ಸ್ಪ್ಲಿಟ್ ವಿಂಡೋ ಅಂತ ಸಿಗುತ್ತೆ. ಗೂಗಲ್ ಶೀಟ್ಸ್‌ನಲ್ಲಿ ಫ್ರೀಜ್ ಮಾತ್ರ, ಅಲ್ಲಿ ಅದೇ ಫೈಲನ್ನ ಎರಡು ಬ್ರೌಸರ್ ಕಿಟಕಿಯಲ್ಲಿ ತೆಗೆದು ಅಕ್ಕಪಕ್ಕ ಇಟ್ಕೊಳ್ಳಿ. ಇನ್ನು ಹೋದ ತಿಂಗಳ ಶೀಟು ಈ ತಿಂಗಳ ಶೀಟು ತಾಳೆ ನೋಡ್ಬೇಕು ಅಂದ್ರೆ ಸ್ಪ್ಲಿಟ್ಟಲ್ಲಿ ಆಗಲ್ಲ, ಅದು ಒಂದೇ ಶೀಟಿನ ಒಳಗೆ ಮಾತ್ರ, ಅದಕ್ಕೆ ಎಕ್ಸೆಲ್‌ನ ವ್ಯೂ ಟ್ಯಾಬಲ್ಲೇ ನ್ಯೂ ವಿಂಡೋ ಒತ್ತಿ ಆಮೇಲೆ ಅರೇಂಜ್ ಆಲ್ ಕೊಡಿ, ಒಂದ್ರಲ್ಲಿ ಹಳೇ ಶೀಟು, ಇನ್ನೊಂದ್ರಲ್ಲಿ ಹೊಸದು ತೆಗೀರಿ.